ಕೀರ್ತಿಯ ಅಂಕ ಮತ್ತು ಕಲಿಕೆಯ ತೂಕ



ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ಬೆಳಗಾವಿಯ ಕ್ಯಾಂಪಿನಲ್ಲಿಯೂ ಖಾನಾಪುರದಲ್ಲಿಯೂ ತಂದೆತಾಯಿಗಳ ಚಿಂತೆ ಒಂದೇ: ಮಕ್ಕಳನ್ನು ಎಲ್ಲಿ ಓದಿಸುವುದು? ಶ್ರೇಯಾಂಕಪಟ್ಟಿಯನ್ನು ನಂಬಿ, ಸಾಲಮಾಡಿಯಾದರೂ ದೂರದ ನಗರಕ್ಕೆ ಕಳುಹಿಸುವವರುಂಟು. ಆ ಪಟ್ಟಿ ಹೇಗೆ ಸಿದ್ಧವಾಗುತ್ತದೆಂಬುದನ್ನು ಮೊದಲು ಅರಿಯುವುದು ಉಚಿತ.

ಲಂಡನ್ನಿನ ಕ್ಯೂಎಸ್ ಸಂಸ್ಥೆಯ ಜಾಗತಿಕ ಪಟ್ಟಿಯಲ್ಲಿ ನೂರರಲ್ಲಿ 40 ಅಂಕಗಳು ಬಹುಕಾಲ ವಿದ್ವತ್ಕೀರ್ತಿಗೆ ಮೀಸಲಾಗಿದ್ದವು. 2023ರಲ್ಲಿ ಅವು 30ಕ್ಕೆ ಇಳಿದವು. ಈ ಕೀರ್ತಿಯನ್ನು ಅಳೆಯುವುದು ಪ್ರಾಧ್ಯಾಪಕರ ಅಭಿಪ್ರಾಯ ಸಂಗ್ರಹದಿಂದ. 2016ರಿಂದ ಹೊರಬರುತ್ತಿರುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿಯೂ ಇಂತಹ ಅಭಿಪ್ರಾಯಕ್ಕೆ 10 ಅಂಕಗಳನ್ನಿರಿಸಿತು.

ಅಭಿಪ್ರಾಯ ಬೇರೆ, ಜ್ಞಾನ ಬೇರೆ ಎಂದು ಪ್ಲೇಟೋ ಬೋಧಿಸಿದನು. ಕಣ್ಣಾರೆ ಕಾಣದವರು ಹೆಸರುವಾಸಿಯಾದುದನ್ನೇ ಮತ್ತೆ ಹೆಸರಿಸುವುದು ಸಹಜ. 2010ರಲ್ಲಿ ಸ್ಥಾಪಿತವಾದ ನಮ್ಮ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದ ತರಗತಿಗಳಲ್ಲಿ ಏನು ನಡೆಯುತ್ತದೆಂದು ದೂರದೇಶದ ಪ್ರಾಧ್ಯಾಪಕರು ಬಲ್ಲರೇ? ಒಳ್ಳೆಯದಿದ್ದರೂ ತಿಳಿಯದು, ಕೊರತೆಯಿದ್ದರೂ ತಿಳಿಯದು. ಕೀರ್ತಿಯೆಲ್ಲ ಪೊಳ್ಳೆಂದು ನಾನು ಹೇಳಲಾರೆ. ದೀರ್ಘಕಾಲದ ದುಡಿಮೆಯಿಂದಲೂ ಅದು ಲಭಿಸುತ್ತದೆ. ಆದರೆ ಅದು ನಿನ್ನೆಯ ದುಡಿಮೆಗೆ ಸಾಕ್ಷಿ. ನಿಮ್ಮ ಮಗು ಕಲಿಯಬೇಕಾದುದು ನಾಳೆ.

ಆದ್ದರಿಂದ ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ಕಾಲೇಜಿಗೆ ಒಮ್ಮೆ ಹೋಗಿ ಬನ್ನಿರಿ. ಮಗು ಆರಿಸಿದ ವಿಷಯಕ್ಕೆ ಖಾಯಂ ಅಧ್ಯಾಪಕರಿರುವರೇ? ಗ್ರಂಥಾಲಯ, ಪ್ರಯೋಗಾಲಯಗಳು ನಿಜವಾಗಿ ಬಳಕೆಯಲ್ಲಿವೆಯೇ? ಸೇರಿದವರಲ್ಲಿ ಎಷ್ಟು ಮಂದಿ ತೇರ್ಗಡೆಯಾದರು? ಬಡ ವಿದ್ಯಾರ್ಥಿಗೆ ಶುಲ್ಕದ ನೆರವುಂಟೇ? ಪಟ್ಟಿಯಲ್ಲಿ ದೂರದ ಸಂಸ್ಥೆ ಮೇಲಿರಬಹುದು. ಈ ಪ್ರಶ್ನೆಗಳಿಗೆ ಸಮರ್ಪಕ ಉತ್ತರ ಸಮೀಪದಲ್ಲಿಯೇ ದೊರೆತರೆ ಸಂಕೋಚಪಡಬೇಡಿರಿ.