ಹವಳದ ಬಿಳುಪು ಮತ್ತು ಶ್ರಾವಕಧರ್ಮ

ಶ್ರಾವಕರ ಮನೆಯ ಪಡಸಾಲೆಗೂ ಗಾಜಿನ ಮೀನುತೊಟ್ಟಿ ಬಂದಿದೆ. ಅದರಲ್ಲಿ ಅಲಂಕಾರಕ್ಕೆಂದು ಇರಿಸಿದ ಬಿಳಿಯ ಹವಳದ ಮೇಲೆ ಕೆಲವೇ ವಾರಗಳಲ್ಲಿ ಪಾಚಿ ಹಬ್ಬುತ್ತದೆ. ಒಡನೆಯೇ ಹವಳವನ್ನು ಹೊರತೆಗೆದು, ಬ್ಲೀಚಿನ ನೀರಿನಲ್ಲಿ ನೆನೆಸಿ, ಉಜ್ಜಿ, ಬಿಸಿಲಿಗೊಣಗಿಸಿ ಮರಳಿ ಇಡುತ್ತಾರೆ. ಕುಡಿಯುವ ನೀರನ್ನು ಸೋಸಿ, ಬಟ್ಟೆಯಲ್ಲುಳಿದ ಸೂಕ್ಷ್ಮಜೀವಿಗಳನ್ನು ಅವು ಬಂದ ಬಾವಿಗೇ ಮರಳಿಸಬೇಕೆಂದು ಕಲಿತ ಮನೆತನಗಳಲ್ಲಿ ಈ ಕಾರ್ಯ ನಿಸ್ಸಂಕೋಚವಾಗಿ ನಡೆಯುತ್ತಿದೆ! ಪಾಚಿಯು ಸಾಧಾರಣ ವನಸ್ಪತಿ. ಅದರ ಒಂದೇ ಶರೀರದಲ್ಲಿ ಅನಂತ ಜೀವಗಳಿವೆಯೆಂಬುದು ಆಗಮದ ಮತ. ಅನಂತಕಾಯವೆಂದು ಗೆಡ್ಡೆಗೆಣಸನ್ನು ತ್ಯಜಿಸಿದವರು ಪಾಚಿಯನ್ನು ಮಾತ್ರ ಕೊಳೆಯೆಂದು ಎಣಿಸುವುದು ಯಾವ ನ್ಯಾಯ?

ಹವಳವು ಬರಿಯ ಕಲ್ಲೆಂಬ ವಾದವೊಂದಿದೆ. ಪ್ರಾಚೀನ ಗ್ರಂಥಗಳು ಪ್ರವಾಳವನ್ನು ಪೃಥ್ವೀಕಾಯದಲ್ಲಿ ಎಣಿಸಿರುವುದು ನಿಜ. ಆದರೆ ಪೃಥ್ವೀಕಾಯವೂ ಜೀವವೇ, ಜಡವಲ್ಲ. ಇಂದಿನ ಜೀವಶಾಸ್ತ್ರವಂತೂ ಅದನ್ನು ಪಾಲಿಪ್ ಎಂಬ ಪುಟ್ಟ ಪ್ರಾಣಿಗಳು ಸುಣ್ಣದಿಂದ ಕಟ್ಟಿಕೊಂಡ ಅಸ್ಥಿಪಂಜರವೆನ್ನುತ್ತದೆ. ಮೆಚ್ಚಿ ತಂದ ಆ ಬಿಳುಪು ಪ್ರಾಣಿಗಳು ಅಳಿದ ಮೇಲೆ ಉಳಿದ ಎಲುಬಿನ ಬಿಳುಪು. ಈಗ ಅದು ನಿರ್ಜೀವವೆಂದರೆ ದೋಷ ಕಳೆಯದು. ಕೃತದಂತೆ ಕಾರಿತ, ಅನುಮೋದನೆಗಳೂ ಹಿಂಸೆಯೇ. ದೇಶದ ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಯೂ ಆ ಅನುಸೂಚಿಯಲ್ಲೇ ಇದೆ. ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಹವಳಕ್ಕೂ ಅದೇ ರಕ್ಷಣೆ.

ಹಾಗಾದರೆ ಕೃತಕ ಹವಳವನ್ನು ತರೋಣವೇ? ಪಾಚಿ ಅದರ ಮೇಲೂ ಬೆಳೆಯುತ್ತದೆ. ಮೀನು ತಿಂದು ಮಿಕ್ಕ ಆಹಾರ ಕೊಳೆತು ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್‌ಗಳು ಹೆಚ್ಚುತ್ತವೆ. ದಿನವಿಡೀ ಉರಿಯುವ ದೀಪವೂ ಕಿಟಕಿಯ ಬಿಸಿಲೂ ಪಾಚಿಯನ್ನು ಪೋಷಿಸುತ್ತವೆ. ಬೆಳೆಸುವವರೂ ಕೊಲ್ಲುವವರೂ ಒಬ್ಬರೇ. ಅಡುಗೆ, ಕೃಷಿಗಳಲ್ಲಿ ಅನಿವಾರ್ಯವಾದ ಆರಂಭೀ ಹಿಂಸೆ ಇದಲ್ಲ. ಕಣ್ಣಿನ ವಿನೋದಕ್ಕಾಗಿ ನಡೆಯುವ ಶುದ್ಧ ಅನರ್ಥದಂಡ. ಅಷ್ಟೇ ಅಲ್ಲ, ಹವಳದ ರಂಧ್ರಗಳಲ್ಲಿ ಉಳಿದ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ.

ಜೀವಿಗಳನ್ನು ಬಂಧಿಸುವುದು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು. ಆದರೂ ಈಗಾಗಲೇ ಇರುವ ಮೀನುಗಳನ್ನು ಕೆರೆಗೆ ಬಿಡುವುದು ದಯೆಯಾಗದು. ಪರದೇಶದ ಮೀನು ಅಲ್ಲಿ ಸಾಯಬಹುದು, ಇಲ್ಲವೇ ಅಲ್ಲಿಯ ಮೀನುಗಳಿಗೇ ಮೃತ್ಯುವಾಗಬಹುದು. ಅವುಗಳನ್ನು ಆಯುಷ್ಯವಿರುವವರೆಗೆ ಸಾಕಬೇಕು, ಹೊಸತನ್ನು ತರಬಾರದು. ಹವಳವನ್ನು ತೆಗೆದಿರಿಸಿ, ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗಳಿಗೆ ಮಿತಗೊಳಿಸಿ, ಕೆಲವೇ ನಿಮಿಷಗಳಲ್ಲಿ ತಿಂದು ಮುಗಿಯುವಷ್ಟು ಆಹಾರ ಹಾಕಿದರೆ ಪಾಚಿಯನ್ನು ಕೊಲ್ಲುವ ಪ್ರಸಂಗವೇ ವಿರಳವಾಗುತ್ತದೆ. ಧರ್ಮಶಾಲೆಗೆ ಮೀನುತೊಟ್ಟಿಯನ್ನು ಕಾಣಿಕೆಯಾಗಿ ನೀಡಬಯಸುವ ದಾನಿಗಳಿಗೆ ಬಸದಿಯ ವಿಶ್ವಸ್ತ ಮಂಡಳಿಯವರು ಬೇಡವೆನ್ನಲು ಸಂಕೋಚಪಡಬೇಕಾಗಿಲ್ಲ. ಅದೇ ಹಣದಲ್ಲಿ ಶಾಸ್ತ್ರಗ್ರಂಥಗಳಿಗೆ ಒಂದು ಗಾಜಿನ ಕಪಾಟನ್ನು ಮಾಡಿಸಬಹುದು.