ಘುಣಾಕ್ಷರದ ಅಹಿಂಸೆ ಸಾಲದು

ಮರವನ್ನು ಕೊರೆಯುವ ಹುಳುವು ತನಗೇ ಅರಿವಿಲ್ಲದೆ ಅಕ್ಷರದ ಆಕಾರವನ್ನು ಮೂಡಿಸುವುದುಂಟು. ಉದ್ದೇಶವಿಲ್ಲದೆ ಆಕಸ್ಮಿಕವಾಗಿ ಒದಗಿದ ಫಲಕ್ಕೆ ಶಾಸ್ತ್ರಕಾರರು ಇದರಿಂದಲೇ ‘ಘುಣಾಕ್ಷರ ನ್ಯಾಯ’ವೆಂಬ ಹೆಸರನ್ನಿಟ್ಟರು. ಇಂದಿನ ಶ್ರಾವಕ ಸಮಾಜವು ಆ ಘುಣದ ವಿಷಯದಲ್ಲಿಯೇ ಪಾಲಿಸುತ್ತಿರುವ ಅಹಿಂಸೆಯೂ ಘುಣಾಕ್ಷರದಂತಾಗಿದೆ. ಹುಳು ಕಣ್ಣಿಗೆ ಬೀಳುವವರೆಗೆ ಎಲ್ಲರೂ ಅಹಿಂಸಕರು. ಬಿದ್ದ ಮರುದಿನ ವಿಷದ ಡಬ್ಬಿಯನ್ನು ತರಿಸುವವರೂ ಅವರೇ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಂದ ಹಿಡಿದು ಕೆಂಗೇರಿಯವರೆಗೆ ಹೊಸ ಮನೆಗಳು ಏಳುತ್ತಲೇ ಇವೆ, ಮಂದಿರಗಳು ಜೀರ್ಣೋದ್ಧಾರಗೊಳ್ಳುತ್ತಿವೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡುಗಳಲ್ಲಿ ದೇಶದ ಮರವೂ ಪರದೇಶದ ಮರವೂ ದೊರೆಯುತ್ತವೆ. ಯಂತ್ರಗಳನ್ನು ಹೊತ್ತು ಬಂದ ಪೈನ್ ಪೆಟ್ಟಿಗೆಗಳ ಹಲಗೆಯೂ ಅಗ್ಗವೆಂಬ ಕಾರಣದಿಂದ ಕಪಾಟುಗಳ ಹಿಂಬದಿಯನ್ನು ಸೇರುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಬಾಗಿಲಿನ ಬುಡದಲ್ಲಿ ಹಿಟ್ಟಿನಂತಹ ನುಣುಪಾದ ಪುಡಿ ಉದುರತೊಡಗಿದಾಗ ಆಡಳಿತ ಮಂಡಳಿಯಲ್ಲಿ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷವು ಕೂಡಲೇ ವಿಷವನ್ನು ಹೊಡೆಸಬೇಕೆನ್ನುತ್ತದೆ. ಇನ್ನೊಂದು, ಜೀವಿಗಳ ತಂಟೆಯೇ ಬೇಡ, ಇದ್ದ ಹಾಗೆಯೇ ಇರಲಿ ಎನ್ನುತ್ತದೆ. ಈ ಎರಡೂ ಪಕ್ಷಗಳು ತಪ್ಪು. ಪ್ರಶ್ನೆಯನ್ನು ಕೇಳಬೇಕಾಗಿದ್ದುದು ಪುಡಿ ಉದುರಿದ ದಿನವಲ್ಲ, ಮರವನ್ನು ಕೊಂಡ ದಿನ.

ಉತ್ತರಾಧ್ಯಯನ ಸೂತ್ರದ 36ನೆಯ ಅಧ್ಯಯನವು ಮೂರು ಇಂದ್ರಿಯಗಳುಳ್ಳ ಜೀವಿಗಳನ್ನು ಎಣಿಸುವಾಗ ಇರುವೆ, ಗೆದ್ದಲುಗಳ ಜೊತೆಯಲ್ಲಿ ಕಾಷ್ಠಾಹಾರಿಗಳನ್ನೂ ಹೆಸರಿಸಿದೆ. ಮರಕೊರಕವು ತ್ರಸ ಜೀವಿ. ಅದನ್ನು ಸಂಕಲ್ಪಪೂರ್ವಕವಾಗಿ ಕೊಲ್ಲುವುದು ಶ್ರಾವಕನ ಅಣುವ್ರತಕ್ಕೆ ವಿರುದ್ಧ. ಆದರೆ ಉಮಾಸ್ವಾತಿಗಳು ಹಿಂಸೆಯನ್ನು ನಿರೂಪಿಸುವಾಗ ಪ್ರಮಾದವನ್ನೇ ಮೂಲದಲ್ಲಿರಿಸಿದ್ದಾರೆ. ಅಜಾಗರೂಕತೆಯಿಂದ ಮರವನ್ನು ಕೊಂಡು, ಅದರಿಂದಾಗಿ ಮುಂದೆ ಸಾವಿರಾರು ಜೀವಿಗಳ ವಧೆಗೆ ಕಾರಣನಾದವನು ಕೈಯಲ್ಲಿ ವಿಷವನ್ನು ಹಿಡಿಯಲಿಲ್ಲವೆಂದ ಮಾತ್ರಕ್ಕೆ ನಿರ್ದೋಷಿಯಾಗಲಾರನು.

ಪ್ರಮಾದದ ಬೆಲೆ ಎಷ್ಟೆಂಬುದನ್ನು ಒಂದು ಸಣ್ಣ ಜೀರುಂಡೆ ಜಗತ್ತಿಗೆ ತೋರಿಸಿದೆ. ಯುವಾಲೇಸಿಯಾ ಫೋರ್ನಿಕೇಟಸ್ ಎಂಬ ಈ ಕೀಟದ ಮೂಲ ಏಷ್ಯಾ ಖಂಡ. 1868ರಲ್ಲಿ ಅದಕ್ಕೆ ವೈಜ್ಞಾನಿಕ ನಾಮಕರಣವಾಯಿತು. ಉದ್ದ ಸುಮಾರು 2 ಮಿಲಿಮೀಟರ್, ಎಳ್ಳಿನ ಕಾಳಿಗಿಂತ ದೊಡ್ಡದಲ್ಲ. ಅದು ಮರವನ್ನು ತಿನ್ನುವುದೂ ಇಲ್ಲ. ಸುರಂಗವನ್ನು ಕೊರೆದು, ಒಳಗೆ ಶಿಲೀಂಧ್ರವನ್ನು ಬೆಳೆಸಿ, ಆ ಬೆಳೆಯನ್ನು ಉಣ್ಣುತ್ತದೆ. ಒಂದೇ ಒಂದು ಹೆಣ್ಣು ಹೊಸ ನಾಡನ್ನು ಸೇರಿದರೂ ಸಂತತಿ ಬೆಳೆಯಬಲ್ಲದು. ಮನುಷ್ಯನ ವ್ಯಾಪಾರವು ಅದನ್ನು ಗಿಡದಲ್ಲಿಯೋ ಹಸಿ ಮರದಲ್ಲಿಯೋ ಕೂರಿಸಿ ಕಡಲು ದಾಟಿಸಿತು. 2020ರಲ್ಲಿ ಇಟಲಿಯ, 2021ರಲ್ಲಿ ಜರ್ಮನಿಯ ಉಷ್ಣವಲಯದ ಗಾಜಿನ ಮನೆಗಳಲ್ಲಿ ಅದು ಪತ್ತೆಯಾಯಿತು. ಹೊರಗೆ ಹಿಮ ಸುರಿಯುವ ನಾಡಿನಲ್ಲಿಯೂ ಅಲಂಕಾರಕ್ಕಾಗಿ ಕಟ್ಟಿದ ಆ ಬೆಚ್ಚನೆಯ ಮನೆ ಅದಕ್ಕೆ ಆಶ್ರಯವಾಯಿತು. ಕೊನೆಗೆ ಸೋಂಕು ತಗುಲಿದ ಗಿಡಗಳನ್ನೇ ನಾಶಪಡಿಸಬೇಕಾಯಿತು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ 2021ರಲ್ಲಿ ಅದು ಕಾಣಿಸಿಕೊಂಡ ಮೇಲೆ ಸಾವಿರಾರು ಮರಗಳನ್ನು ಕಡಿದುಹಾಕಿದರು. ಆದರೂ ಅದನ್ನು ನಿರ್ಮೂಲಗೊಳಿಸಲು ಸಾಧ್ಯವಿಲ್ಲವೆಂದು 2025ರಲ್ಲಿ ಅಲ್ಲಿಯ ಸರಕಾರವೇ ಒಪ್ಪಿಕೊಂಡಿತು. ಮರಗಳೂ ಹೋದುವು, ಕೀಟಗಳೂ ಸತ್ತವು, ಗೂಡು ಕಟ್ಟಿದ ಹಕ್ಕಿಗಳೂ ನೆಲೆ ಕಳೆದುಕೊಂಡವು. ಇಷ್ಟೂ ಹಿಂಸೆಗೆ ಬೀಜವಾದದ್ದು ಪರೀಕ್ಷೆಗೊಳಗಾಗದೆ ದಾಟಿಹೋದ ಒಂದು ಸರಕು.

ಇದು ಪರದೇಶದ ಕಥೆಯೆಂದು ಸಮಾಧಾನಪಡಬೇಕಾಗಿಲ್ಲ. 1860ರ ದಶಕದಲ್ಲಿ ಕೊಡಗಿನ ಕಾಫಿ ತೋಟಗಳನ್ನು ಬಿಳಿ ಕಾಂಡಕೊರಕವು ಹಾಳುಗೆಡವಿತು. ಆ ಹುಳು ಎಲ್ಲಿಂದಲೋ ಬಂದುದಲ್ಲ, ಈ ನೆಲದ್ದೇ. ಹೆಚ್ಚಿನ ಇಳುವರಿಯ ಆಸೆಯಿಂದ ತೋಟಗಾರರು ನೆರಳಿನ ಮರಗಳನ್ನು ತೆಗೆದುಹಾಕಿದ್ದರು. ಬಿಸಿಲು ಬಿದ್ದ ಕಾಂಡವನ್ನೇ ಅರಸಿ ಮೊಟ್ಟೆಯಿಡುವುದು ಆ ಕೀಟದ ಸ್ವಭಾವ. ಈ ಹಾವಳಿಯನ್ನು ಕುರಿತು ಜಾರ್ಜ್ ಬಿಡಿಯವರ ವರದಿಯು 1869ರಲ್ಲಿ ಪ್ರಕಟವಾಯಿತು. ಅರೇಬಿಕಾ ತೋಟಕ್ಕೆ ತಕ್ಕಷ್ಟು ನೆರಳಿರಬೇಕೆಂದೇ ಇಂದಿಗೂ ಕಾಫಿ ತಜ್ಞರು ಹೇಳುತ್ತಾರೆ. ನೆರಳನ್ನು ಉಳಿಸಿಕೊಂಡವನು ವಿಷವನ್ನು ಕಡಿಮೆ ಬಳಸುತ್ತಾನೆ. ಅಹಿಂಸೆಯು ಇಲ್ಲಿ ಉಪದೇಶವಲ್ಲ, ಬೇಸಾಯದ ಕ್ರಮ.

ಮರದ ವ್ಯವಹಾರದಲ್ಲಿಯೂ ಇಂತಹ ಕ್ರಮವಿದೆ. ಸುರಂಗದಲ್ಲಿ ಶಿಲೀಂಧ್ರವನ್ನು ಬೆಳೆಸುವ ಕೀಟಗಳಿಗೆ ಹಸಿ ಮರ ಬೇಕು. ತೊಗಟೆಯನ್ನು ಸುಲಿದು ಬೇಗನೆ ಒಣಗಿಸಿದ ಮರವು ಅವಕ್ಕೆ ಒಗ್ಗುವುದಿಲ್ಲ. ಹಿಟ್ಟು ಉದುರಿಸುವ ಕೀಟವು ಪಿಷ್ಟ ತುಂಬಿದ ಬಿಳಿಮರವನ್ನು, ವಿಶೇಷವಾಗಿ ರಬ್ಬರ್ ಮರವನ್ನು ಹುಡುಕುತ್ತದೆ. ತೇಗದ ಕೆಚ್ಚಿನ ಗೊಡವೆಗೆ ಹೋಗುವುದಿಲ್ಲ. ಅದು ಮೊಟ್ಟೆಯಿಡುವುದು ಬರಿಮರದ ರಂಧ್ರಗಳಲ್ಲಿ. ಎಲ್ಲ ಬದಿಗಳಿಗೂ, ಕಾಣದ ಹಿಂಬದಿಗೂ ಮೆರುಗೆಣ್ಣೆ ಬಳಿದರೆ ಆ ರಂಧ್ರಗಳು ಮುಚ್ಚಿಹೋಗುತ್ತವೆ. ಜೀವಿಯು ಒಳಗೆ ಸೇರಲೇ ಇಲ್ಲವೆಂದ ಮೇಲೆ ಕೊಲ್ಲುವ ಮಾತೆಲ್ಲಿಯದು?

ಪ್ಯಾಕಿಂಗ್ ಮರಕ್ಕೆ ಅಂತರರಾಷ್ಟ್ರೀಯ ನಿಯಮವು 2002ರಲ್ಲಿ ರೂಪುಗೊಂಡಿತು. ಗೋಧಿ ತೆನೆಯ ಮುದ್ರೆಯ ಪಕ್ಕದಲ್ಲಿ ಎಚ್‌ಟಿ ಎಂದಿದ್ದರೆ ಮರದ ತಿರುಳನ್ನು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇರಿಸಲಾಗಿದೆಯೆಂದೂ, ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಾನಿಲವನ್ನು ಹಾಯಿಸಲಾಗಿದೆಯೆಂದೂ ಅರ್ಥ. ಮುದ್ರೆಯಿದ್ದ ಮಾತ್ರಕ್ಕೆ ಮರವು ಅಹಿಂಸಕವಾಗುವುದಿಲ್ಲ. ಒಳಗೆ ಹುಳುವಿದ್ದರೆ ಎರಡೂ ವಿಧಾನಗಳಲ್ಲಿ ಅದು ಸಾಯುತ್ತದೆ. ಆದುದರಿಂದ ಇಂತಹ ಮರವನ್ನು ದೇವರ ಮನೆಗೂ ಮಂದಿರಕ್ಕೂ ತಾರದಿರುವುದೇ ಶ್ರೇಯಸ್ಕರ. ಮುದ್ರೆಯೂ ಇಲ್ಲದ ಮರವನ್ನು ಅಗ್ಗವೆಂದು ಕೊಳ್ಳುವುದಂತೂ ಸಲ್ಲದು.

ಒಣಗಿದ ಕೆಚ್ಚಿನ ಮರ ದುಬಾರಿಯೆಂಬ ಆಕ್ಷೇಪ ಬರುತ್ತದೆ. ವ್ಯಾಪಾರ ಬಲ್ಲ ಸಮಾಜಕ್ಕೆ ಲೆಕ್ಕವನ್ನು ಕಲಿಸಬೇಕಾಗಿಲ್ಲ. ಅಗ್ಗದ ಹಲಗೆಯ ಬೆಲೆಗೆ ಮುಂದಿನ ವಿಷದ ಖರ್ಚನ್ನೂ, ಹೊಸ ಬಾಗಿಲಿನ ಖರ್ಚನ್ನೂ ಕೂಡಿಸದೆ ಬರೆದ ಲೆಕ್ಕವು ಸುಳ್ಳು ಲೆಕ್ಕ. ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವನ್ನು ಎಣಿಸಿ, ವಿಷವನ್ನು ಮಾರಬಾರದೆಂದು ಶ್ರಾವಕನಿಗೆ ಹೇಳಿದ ಧರ್ಮವು, ಅವನು ಅದನ್ನು ಕೊಂಡು ಮಂದಿರದಲ್ಲಿಯೇ ಸುರಿಯಬಹುದೆಂದು ಒಪ್ಪೀತೆ?

ಇದ್ದ ಹಾಗೆಯೇ ಇರಲಿ ಎನ್ನುವವರಿಗೂ ಉತ್ತರವಿದೆ. ಸೋಂಕಿತ ಮರವನ್ನು ಹಾಗೆಯೇ ಬಿಟ್ಟರೆ ಸಂತತಿ ಹೆಚ್ಚಿ ಪಕ್ಕದ ಬರಿಮರವನ್ನೂ ಸೇರುತ್ತದೆ. ನಾಳೆ ವಿಷವನ್ನು ಹಿಡಿಯುವ ನೆರೆಯವನ ಪಾಪದಲ್ಲಿ ಸುಮ್ಮನಿದ್ದವನಿಗೂ ಪಾಲುಂಟು. ಆ ಹಲಗೆಯನ್ನು ಗುಜರಿಗೆ ಮಾರುವುದೂ, ಬಡವರಿಗೆ ದಾನವೆಂದು ಕೊಡುವುದೂ ದೋಷವನ್ನು ಸಾಗಹಾಕುವ ಉಪಾಯವೇ ಹೊರತು ದಯೆಯಲ್ಲ. ಅಷ್ಟು ಭಾಗವನ್ನು ಮಾತ್ರ ಬಿಡಿಸಿ, ಉಳಿದ ಮರದ ಮೈಯನ್ನು ಮುಚ್ಚಿ, ಆದ ಅಲ್ಪ ಹಿಂಸೆಗೆ ಆಲೋಚನೆಯನ್ನು ಮಾಡಿಕೊಳ್ಳುವುದು ಗೃಹಸ್ಥನಿಗೆ ತಕ್ಕ ಮಾರ್ಗ.

ಮಂದಿರದ ಟ್ರಸ್ಟುಗಳು ಗೋಶಾಲೆಗೂ ಹಕ್ಕಿಗಳ ಕಾಳಿಗೂ ಉದಾರವಾಗಿ ಹಣ ನೀಡುತ್ತವೆ. ಅದೇ ಜೀವದಯೆಯು ಬಡಗಿಯ ಕರಾರುಪತ್ರದಲ್ಲಿಯೂ ಕಾಣಿಸಿಕೊಳ್ಳಬೇಕು. ತೊಗಟೆಯಿಲ್ಲದ, ಪೂರ್ಣ ಒಣಗಿದ ಕೆಚ್ಚಿನ ಮರವೇ ಆಗಬೇಕು, ಎಲ್ಲ ಬದಿಗಳಿಗೂ ಮೆರುಗು ಇರಬೇಕು ಎಂಬ ಎರಡು ಸಾಲುಗಳನ್ನು ಅದರಲ್ಲಿ ಸೇರಿಸಲು ಯಾವ ಅಡ್ಡಿಯೂ ಇಲ್ಲ. ಸಂಶಯ ಬಂದರೆ ಮಲ್ಲೇಶ್ವರದಲ್ಲಿಯೇ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಅಲ್ಲಿಯ ತಜ್ಞರನ್ನು ವಿಚಾರಿಸುವುದಕ್ಕೆ ರಾಜಾಜಿನಗರದಿಂದ ದೂರವೇನೂ ಇಲ್ಲ. ಮುಂದಿನ ಸಭೆಯಲ್ಲಿ ಈ ನಿರ್ಣಯವನ್ನು ಕೈಗೊಂಡ ಟ್ರಸ್ಟಿನ ಅಹಿಂಸೆಯು ತಾನಾಗಿ ಮೂಡಿದ ಗೀಟಾಗಿ ಉಳಿಯದೆ, ತಿಳಿದು ಬರೆದ ಅಕ್ಷರವಾದೀತು.