ಕಾಲೇಜು ಹುಡುಗರ ಊಟ: ನಮ್ಮ ಪಾಲೆಷ್ಟು?

ಅನ್ನಕ್ಕೂ ವಿದ್ಯೆಗೂ ಇರುವ ನಂಟನ್ನು ಹೋಟೆಲಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಾರಾನ್ನ ಉಂಡು ಓದಿದ ತಲೆಮಾರು ನಮ್ಮ ನಾಡಿನದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಇಂದಿಗೂ ಸಾವಿರಾರು ಮಕ್ಕಳು ಅಲ್ಲಿಯೇ ಉಂಡು ಓದುತ್ತಿದ್ದಾರೆ. ಮುಂಬಯಿಯಲ್ಲಂತೂ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಎರಡು ಹೊತ್ತಿನ ಊಟ ಖಾತ್ರಿಯಿದ್ದುದರಿಂದಲೇ ಅವರಿಗೆ ಪುಸ್ತಕ ಹಿಡಿಯುವುದು ಸಾಧ್ಯವಾಯಿತು.

ಸರಕಾರದ ಬಿಸಿಯೂಟ ಮಹಾರಾಷ್ಟ್ರದಲ್ಲಿ ಎಂಟನೆಯ ತರಗತಿಗೆ ಮುಗಿಯುತ್ತದೆ. ಕಾಲೇಜು ಸೇರಿದ ಮೇಲೆ ಹಸಿವು ನಿಲ್ಲುವುದಿಲ್ಲವಷ್ಟೆ! ಪರವೂರಿನಿಂದ ಬಂದ ವಿದ್ಯಾರ್ಥಿ ಫೀಸು, ಕೋಣೆಯ ಬಾಡಿಗೆ, ರೈಲ್ವೆ ಪಾಸು ಯಾವುದನ್ನೂ ಕಡಿಮೆ ಮಾಡುವಂತಿಲ್ಲ. ಕಡಿಮೆ ಮಾಡಲು ಉಳಿಯುವುದು ಹೊಟ್ಟೆಯ ಖರ್ಚು ಮಾತ್ರ. ಬೆಳಗ್ಗೆ ಚಹಾ, ಮಧ್ಯಾಹ್ನ ಒಂದು ವಡಾಪಾವ್. ಅರೆಹೊಟ್ಟೆಯಲ್ಲಿ ಪಾಠ ತಲೆಗೆ ಹತ್ತದು. ಊಟದ ದುಡ್ಡಿಗಾಗಿ ಕೆಲಸ ಹಿಡಿದರೆ ಓದುವ ಹೊತ್ತು ಹೋಗುತ್ತದೆ, ಕಾಲೇಜಿನ ಹಾಜರಿಯೂ ಕುಸಿಯುತ್ತದೆ.

ಶ್ರೀಮಂತ ಅಮೆರಿಕದಲ್ಲೂ ಈ ಸಮಸ್ಯೆಯಿದೆ. ಬೋಸ್ಟನ್ ನಗರದ ಬಂಕರ್ ಹಿಲ್ ಕಮ್ಯುನಿಟಿ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಊಟದ ಕೂಪನ್ ಕೊಟ್ಟು ನೋಡಿದಾಗ, ಪಡೆದವರು ಪಡೆಯದವರಿಗಿಂತ ಹೆಚ್ಚು ಪಾಠಗಳನ್ನು ಪೂರೈಸಿದ್ದು ಕಂಡುಬಂತು. ನಾವೂ ಇದನ್ನು ಮಾಡಬಹುದು.

ಗ್ಯಾಸು, ಸಂಬಳ, ಬಾಡಿಗೆ ಏರುತ್ತಿರುವಾಗ ಇದೆಲ್ಲ ಹೇಗೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಲೆಕ್ಕ ಹಾಕಿ ನೋಡಿ. ಮಧ್ಯಾಹ್ನ ಎರಡೂವರೆಯ ನಂತರ ಟೇಬಲುಗಳು ಖಾಲಿ. ಭಟ್ಟರ ಸಂಬಳ, ಜಾಗದ ಬಾಡಿಗೆ ಹೇಗೂ ಕೊಡಲೇಬೇಕು. ಆ ಹೊತ್ತಿಗೆ ಐದು ಮಂದಿಗೆ ಅರ್ಧ ದರದಲ್ಲಿ ರೈಸ್ ಪ್ಲೇಟ್ ಕೊಟ್ಟರೆ ಸಾಮಾನಿನ ಖರ್ಚಿನ ದೊಡ್ಡ ಪಾಲು ಹುಟ್ಟುತ್ತದೆ. ಕೈಯಿಂದ ಹೋಗುವುದು ಸ್ವಲ್ಪ. ಅರ್ಹರನ್ನು ಆರಿಸುವ ಕೆಲಸ ಕಾಲೇಜಿನದು, ಕೂಪನ್ ಅಚ್ಚು ಹಾಕಿಸಿ ಹಂಚುವ ಕೆಲಸ ಸಂಘದ್ದು ಆಗಲಿ. ಒಬ್ಬರೇ ಐವತ್ತು ಮಂದಿಯನ್ನು ಸಾಕುವುದು ಕಷ್ಟ. ಹತ್ತು ಹೋಟೆಲುಗಳು ಐದೈದು ಮಂದಿಯನ್ನು ನೋಡಿಕೊಳ್ಳುವುದು ಕಷ್ಟವಲ್ಲ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಈ ಕೂಪನ್ ನಮ್ಮ ತಿಂಗಳ ಗಿರಾಕಿಗಳ ಕೂಪನ್ನಿನಂತೆಯೇ ಇರಬೇಕು. ಎಲ್ಲರಿಗೂ ಬಡಿಸಿದ್ದನ್ನೇ ಅವರಿಗೂ ಬಡಿಸಬೇಕು. ಧರ್ಮದ ಊಟವೆಂದು ಗಲ್ಲಾದವನೋ ಸಪ್ಲಾಯರನೋ ಒಂದು ಮಾತು ಆಡಿದರೆ ಮಾನವಂತ ಹುಡುಗ ಮರುದಿನ ಬರಲಾರ. ಹುಡುಗಿಯಂತೂ ಬರುವುದೇ ಇಲ್ಲ. ಫೋಟೋ, ಬ್ಯಾನರುಗಳೂ ಬೇಡ.

ಜೂನ್ ತಿಂಗಳಲ್ಲಿ ಕಾಲೇಜುಗಳು ತೆರೆಯುವ ಮೊದಲೇ ಈ ವಿಷಯ ಸಂಘದ ಸಭೆಯಲ್ಲಿ ಚರ್ಚೆಗೆ ಬರಲಿ. ಮೊದಲ ವರ್ಷ ಒಂದೇ ಕಾಲೇಜು ಸಾಕು. ಹೋಟೆಲ್ ಬಾಂಧವರು ಮನಸ್ಸು ಮಾಡಬೇಕು.